ಅಳತೆಗೆ ನಿಂತವಳು

“ಆ ಹುಡುಗಿ ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತೋ!” ಎಂದು ಎದುರುಮನೆಯ ಟೀಚರಮ್ಮ ಕಂಡವರಿಗೆಲ್ಲ ಹೇಳುತ್ತಿದ್ದರು. ಯಾರದೋ ಮದುವೆಯೂಟದಲ್ಲಿ ಅವಳ ಪಕ್ಕದಲ್ಲೇ ಕೂತಿದ್ದರಂತೆ. ತಟ್ಟೆ ತುಂಬ ಬಡಿಸಿಕೊಂಡಳಂತೆ, ಖಾಲಿ ಮಾಡಿ ಮತ್ತೆ ಬಡಿಸಿಕೊಂಡಳಂತೆ, ಕೈ ತೊಳೆದು ಬಂದಾಗ ನೋಡಿದರೆ ಸೊಂಟ ಹಿಡಿಯಲ್ಲಿ ಸಿಗುವ ಹಾಗೆಯೇ ಇತ್ತಂತೆ. ಮಹಡಿಮನೆಯ ಹೆಂಗಸು, “ನಮಗೆ ನೀರು ಕುಡಿದರೂ ಮೈಗೆ ಹತ್ತುತ್ತೆ. ಅಂಥ ಮೈನ ಪಡೆದುಕೊಂಡು ಬರಬೇಕು ಕಣ್ರೀ” ಎಂದು ನಿಟ್ಟುಸಿರು ಬಿಡುತ್ತಿದ್ದಳು. ಮೂಲೆ ಅಂಗಡಿಯವನಂತೂ, “ನನ್ನಂಗಡಿ ಬ್ರೆಡ್ಡೆಲ್ಲ ಆ ಮನೆಗೇ ಹೋಗುತ್ತೆ. ಆದರೂ ಆ ಮನೇಲಿ ಮೈಕೈ ತುಂಬಿಕೊಂಡಿರೋದು ಹೊಲಿಗೆ ಮೆಷಿನ್ನು ಒಂದೇ” ಎಂದು ನಗಿಸುತ್ತಿದ್ದ.

ಬೊಂಬೆ ಎಂದು ಹೆಸರಿಟ್ಟವರೂ ಅವರೇ. ಬೀದಿಯಲ್ಲಿ ಅದು ಹೊಗಳಿಕೆ. ಹೊಸಿಲು ದಾಟಿ ಒಳಗೆ ಬಂದರೆ ಅದೇ ಅವಳ ಉದ್ಯೋಗದ ಹೆಸರು.

ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಕೆಳಗೆ ಅತ್ತಿಗೆಯ ಮೆಷಿನ್ನು, ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು, ನಡುವೆ ಅಮ್ಮ ಕತ್ತರಿ ಆಡಿಸುವ ಉದ್ದನೆಯ ಮೇಜು, ಮೂಲೆಯಲ್ಲೊಂದು ಮೋಟು ಸ್ಟೂಲು. ಅಣ್ಣ ಪೇಟೆಯ ರೆಡಿಮೇಡ್ ಅಂಗಡಿಯಿಂದ ಹೆಂಗಸರ ಗೌನುಗಳ ಆರ್ಡರು ಹಿಡಿದು ತರುತ್ತಿದ್ದ. ಬೇರೆ ಕಡೆಯಾದರೆ ಹೊಸ ಗೌನಿನ ಮಾದರಿಯನ್ನು ಮರದ ಬೊಂಬೆಗೆ ಬಟ್ಟೆ ಹೊದಿಸಿ, ಗುಂಡುಪಿನ್ನು ಚುಚ್ಚಿ ರೂಪಿಸುತ್ತಾರೆ. ಅಮ್ಮನಿಗೆ ಮರದ ಬೊಂಬೆಯೆಂದರೆ ಆಗದು. “ಅದು ಉಸಿರಾಡುತ್ತಾ? ಕೈ ಎತ್ತುತ್ತಾ? ಉಸಿರಾಡದ್ದರ ಮೇಲೆ ಹೊಲಿದದ್ದನ್ನ ಉಸಿರಾಡೋರು ಹೇಗೆ ಹಾಕ್ಕೋತಾರೆ?” ಎನ್ನುತ್ತಿದ್ದಳು. ಹಾಗಾಗಿ ಮಗಳು ಸ್ಟೂಲಿನ ಮೇಲೆ ನಿಲ್ಲಬೇಕು. ಅಮ್ಮ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಸುತ್ತ ತಿರುಗುತ್ತ, ಒಂದೊಂದನ್ನೇ ತೆಗೆದು ಚುಚ್ಚುತ್ತಾಳೆ. ಕೆಲವು ಬಟ್ಟೆಗೆ ತಗಲುತ್ತವೆ, ಕೆಲವು ಚರ್ಮಕ್ಕೆ. ಆಮೇಲೆ ಅದನ್ನು ಬಿಚ್ಚಿ ಕಂದು ಕಾಗದದ ಮೇಲೆ ಗೆರೆ ಎಳೆದು, ಆ ಕಾಗದ ನೋಡಿಕೊಂಡು ರಾಶಿ ರಾಶಿ ಗೌನು ಕತ್ತರಿಸುವುದು. ದೊಡ್ಡ ಸೈಜು, ಚಿಕ್ಕ ಸೈಜು ಎಲ್ಲಕ್ಕೂ ಅವಳ ಮೈಯೇ ಮೂಲ.

“ಇವಳ ಸೊಂಟದ ಮೇಲೆ ಮನೆ ನಿಂತಿದೆ” ಎಂದು ಅಣ್ಣ ನಗುತ್ತಿದ್ದ. ನಗು ಮುಗಿದ ಮೇಲೆ ಅವಳ ತಟ್ಟೆಯ ಕಡೆಗೊಮ್ಮೆ ನೋಡುತ್ತಿದ್ದ.

ಅವಳೇನು ಹುಟ್ಟಿನಿಂದ ಹೀಗಿರಲಿಲ್ಲ. ಚಿಕ್ಕವಳಿದ್ದಾಗ ಗುಂಡುಗುಂಡಗೆ, ಓಡಿದರೆ ಕೆನ್ನೆ ಕುಣಿಯುವಂಥ ಹುಡುಗಿ. ಅಣ್ಣ ‘ಮೂಟೆ’ ಎನ್ನುತ್ತಿದ್ದ. ಅಮ್ಮ ನೆಂಟರ ಮುಂದೆ, “ಇವಳ ಫ್ರಾಕಿನ ಬಟ್ಟೇಲಿ ಎರಡು ಕಿಟಕಿಗೆ ಪರದೆ ಆಗುತ್ತೆ” ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಹುಡುಗಿಯೂ ಜೊತೆಗೆ ನಗುತ್ತಿದ್ದಳು, ನಗದಿದ್ದರೆ ‘ಮುನಿಸಿಕೊಂಡಳು ಮೂಟೆ’ ಎಂದು ಇನ್ನೊಂದು ಸುತ್ತು ಶುರುವಾಗುತ್ತಿತ್ತಲ್ಲ. ಹೈಸ್ಕೂಲಿನ ಕೊನೆಯಲ್ಲಿ ಟೈಫಾಯ್ಡು ಬಂದು ಹಾಸಿಗೆ ಹಿಡಿದಳು. ಎದ್ದಾಗ ಮೂಟೆ ಕರಗಿತ್ತು. ಅಮ್ಮ ಒಂದು ಹೊಸ ಮಾದರಿಯನ್ನು ಸುಮ್ಮನೆ ಅವಳ ಮೈಮೇಲಿಟ್ಟು ನೋಡಿದಳು. ಅಂಗಡಿಯ ಮಾಲೀಕ ತಲೆದೂಗಿದ. ಆರ್ಡರು ಬಂತು. ಬೇರೆ ಮನೆಯಾಗಿದ್ದರೆ ಕಾಯಿಲೆಯಿಂದ ಎದ್ದ ಹುಡುಗಿಗೆ ಮೈ ತುಂಬಲೆಂದು ಹಾಲು, ಮೊಟ್ಟೆ ಕೊಡುತ್ತಿದ್ದರು. ಇಲ್ಲಿ ಅಮ್ಮ ಟೇಪು ಸುತ್ತಿ, “ಇದೇ ಅಳತೆ. ಇಲ್ಲಿಂದ ಕದಲಬಾರದು” ಎಂದಳು.

ಅಂದಿನಿಂದ ಬೆಳಗಿನ ಕಾಫಿಗಿಂತ ಮೊದಲು ಟೇಪು. ಅದು ಕೂದಲೆಳೆಯಷ್ಟು ಹೆಚ್ಚು ತೋರಿಸಿದರೂ ಆ ದಿನ ಅವಳ ತಟ್ಟೆಗೆ ಅನ್ನ ಬೀಳುತ್ತಿರಲಿಲ್ಲ. ಅವಳೇನು ಕಡಿಮೆ ಹಟಮಾರಿಯೇ? ಅಮ್ಮ ಒಂದು ಹೊತ್ತು ಬಿಡಿಸಿದರೆ ಇವಳು ಇನ್ನೊಂದು ಹೊತ್ತನ್ನು ತಾನಾಗಿ ಬಿಡುತ್ತಿದ್ದಳು, ನಿನಗಿಂತ ನಾನೇ ಗಟ್ಟಿ ಎಂದು ತೋರಿಸುವವಳ ಹಾಗೆ. ಆದರೆ ಹಸಿವಿಗೆ ಹಟ ಗಿಟ ತಿಳಿಯುವುದಿಲ್ಲ. ಅದು ಹೊಟ್ಟೆಯಿಂದ ಎದ್ದು ತಲೆಗೇರಿ ಕೂರುತ್ತಿತ್ತು. ಸ್ಟೂಲಿನ ಮೇಲೆ ನಿಂತವಳ ಕಣ್ಣೆದುರು ಬ್ರೆಡ್ಡು, ಬೆಣ್ಣೆ, ಪಾತ್ರೆಯ ತಳಕ್ಕೆ ಅಂಟಿದ ಅನ್ನ, ಇವೇ ಸುತ್ತುತ್ತಿದ್ದವು.

ಮಧ್ಯಾಹ್ನ ಅಮ್ಮನೂ ಅಣ್ಣನೂ ಗೌನಿನ ಗಂಟು ಹೊತ್ತು ಅಂಗಡಿಗೆ ಹೋಗುವರು, ಅತ್ತಿಗೆ ಗುಂಡಿ, ದಾರ ತರಲು ಹೊರಡುವಳು, ಮನೆ ಖಾಲಿಯಾಗುವುದು. ಆಗ ಅವಳ ಕೈ ತನ್ನಷ್ಟಕ್ಕೆ ತಾನೇ ಡಬ್ಬಿಗಳ ಕಡೆ ಹೋಗುತ್ತಿತ್ತು. ನಿಂತೇ ತಿನ್ನುತ್ತಿದ್ದಳು. ರುಚಿ ತಿಳಿಯುತ್ತಿರಲಿಲ್ಲ, ಬಿಸಿಯೋ ತಣ್ಣಗೋ ಗೊತ್ತಾಗುತ್ತಿರಲಿಲ್ಲ. ಹೊಟ್ಟೆ ಸಾಕೆಂದರೂ ಕೈ ನಿಲ್ಲುತ್ತಿರಲಿಲ್ಲ. ಕೊನೆಗೊಮ್ಮೆ ಡಬ್ಬಿಯ ತಳ ಕಂಡಾಗ, ನಿದ್ದೆಯಿಂದ ಯಾರೋ ಕಪಾಳಕ್ಕೆ ಹೊಡೆದು ಎಬ್ಬಿಸಿದಂತಾಗುತ್ತಿತ್ತು. ನಾಳೆ ಟೇಪು ಏನು ಹೇಳುತ್ತದೆ? ಬಚ್ಚಲಿಗೆ ಓಡುತ್ತಿದ್ದಳು. ನಲ್ಲಿ ಜೋರಾಗಿ ತಿರುಗಿಸಿ, ತಿಂದದ್ದನ್ನೆಲ್ಲ ಕಕ್ಕಿಬಿಡುತ್ತಿದ್ದಳು. ಹೊರಗೆ ಬಂದಾಗ ಮೈ ಹಗುರ, ಕಾಲು ನಡುಕ, ಮನಸ್ಸಿನ ತುಂಬ ತನ್ನ ಬಗ್ಗೆಯೇ ಹೇಸಿಗೆ. ಇನ್ನು ಮೇಲೆ ಇಲ್ಲ, ನಾಳೆಯಿಂದ ತುತ್ತೂ ಮುಟ್ಟುವುದಿಲ್ಲ ಎಂದು ಆಣೆ ಹಾಕಿಕೊಳ್ಳುತ್ತಿದ್ದಳು. ಆ ಆಣೆಯೇ ಮಾರನೆಯ ಹಸಿವಿಗೆ ಮೇವಾಗುತ್ತಿತ್ತು. ಇದಕ್ಕೊಂದು ಹೆಸರಿದೆ, ಇದೊಂದು ಕಾಯಿಲೆ ಎಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ತನ್ನ ಬುದ್ಧಿಯೇ ಕೊಳಕು ಎಂದುಕೊಂಡಿದ್ದಳು.

ಮನೆಯಲ್ಲಿ ತಿನ್ನುವ ವಸ್ತು ಕಾಣೆಯಾದರೆ ಯಾರ ಮೇಲಾದರೂ ಬರಲೇಬೇಕಲ್ಲ?

“ನಿನ್ನೆ ತಂದ ಬ್ರೆಡ್ಡು ಎಲ್ಲೇ?” ಅಮ್ಮ ಅತ್ತಿಗೆಯನ್ನು ಕೇಳಿದಳು.

“ನನ್ನನ್ನೇನು ಕೇಳ್ತೀರಿ ಅತ್ತೆ? ನಾನು ಮುಟ್ಟಿಲ್ಲ.”

“ಮುಟ್ಟಿಲ್ಲ! ಹಾಗಾದ್ರೆ ಬ್ರೆಡ್ಡಿಗೆ ಕಾಲು ಬಂತಾ? ಬಿಸ್ಕತ್ತು ಡಬ್ಬಿ ಖಾಲಿ, ಸಕ್ಕರೆ ಡಬ್ಬಿ ತಳ ಕಾಣ್ತಿದೆ. ನಿನ್ನ ತವರಿನೋರು ಬಂದು ಹೋದ ದಿನವೇ ಯಾಕೆ ಹೀಗಾಗುತ್ತೆ?”

“ನಮ್ಮಪ್ಪ ಒಂದು ಲೋಟ ನೀರೂ ಕುಡಿಯದೆ ಹೋದ್ರು. ನಿಮ್ಮನೆ ಬಿಸ್ಕತ್ತು ಕದಿಯೋಕೆ ಅಷ್ಟು ದೂರದಿಂದ ಬಸ್ಸು ಹತ್ತಿ ಬರ್ತಾರಾ?”

“ನಾಲಗೆ ನೋಡು, ಕತ್ತರಿ ಇದ್ದ ಹಾಗಿದೆ.”

“ಕತ್ತರಿ ಮನೆಗೇ ಕೊಟ್ಟಿದ್ದಾರಲ್ಲ, ಇನ್ನು ಹೇಗಿರುತ್ತೆ?”

ಅಣ್ಣ ಮಧ್ಯೆ ಬಂದು ಹೆಂಡತಿಯನ್ನೇ ಗದರಿಸಿದ. ಬೊಂಬೆ ಸ್ಟೂಲಿನ ಮೇಲೆ ಕೈ ಅಗಲಿಸಿಕೊಂಡು ನಿಂತಿದ್ದಳು. ಕಂಕುಳಿನಿಂದ ಸೊಂಟದವರೆಗೆ ಪಿನ್ನು. ಒಂದು ಮಾತು, ‘ನಾನೇ ತಿಂದೆ’ ಎಂಬ ಒಂದೇ ಮಾತು, ಸಾಕಿತ್ತು. ಹೊರಗೆ ಬರಲಿಲ್ಲ. ಅತ್ತಿಗೆ ಮೆಷಿನ್ನಿಗೆ ಕೂತು, ಕಣ್ಣೊರೆಸಿಕೊಳ್ಳದೆ, ಹಲ್ಲು ಕಚ್ಚಿ, ಆ ದಿನದ ಹೊಲಿಗೆಯನ್ನೆಲ್ಲ ಸೊಟ್ಟ ಓಡಿಸಿದಳು.

ಹೀಗೇ ವರ್ಷಗಳು ಹೋದವು. ಬೊಂಬೆಯ ದವಡೆಯ ಕೆಳಗೆ ಎರಡೂ ಕಡೆ ಊದಿಕೊಂಡಿತು. ಗಂಟಲು ಸದಾ ಕೆಂಡ. ಕೆಲವು ದಿನ ಮೈ ಒಣಗಿ ಸಿಪ್ಪೆಯಾಗುತ್ತಿತ್ತು, ಕೆಲವು ದಿನ ನೀರು ತುಂಬಿಕೊಂಡು ಬಾತುಕೊಳ್ಳುತ್ತಿತ್ತು. ಅಷ್ಟರಲ್ಲೇ ಪೇಟೆಯ ಅಂಗಡಿಯಿಂದ ಹಿಂದೆಂದೂ ಬರದಷ್ಟು ದೊಡ್ಡ ಆರ್ಡರು ಬಂತು. ಅಮ್ಮ ಮೇಲಿನ ಭಾಗವನ್ನು ಒಂದು ದಿನ ಪಿನ್ನು ಹಾಕಿ ರೂಪಿಸಿದಳು, ಸೊಂಟದ ಭಾಗವನ್ನು ಮಾರನೆಯ ದಿನಕ್ಕಿಟ್ಟಳು. ನಡುವೆ ಬೊಂಬೆಗೆ ಒಂದು ಕೆಟ್ಟ ಮಧ್ಯಾಹ್ನ ಬಂದು ಹೋಗಿ, ಒಣಗಿದ್ದ ಮೈ ಬೆಳಗಾಗುವಷ್ಟರಲ್ಲಿ ಬಾತುಕೊಂಡಿತ್ತು. ಬೇರೆ ಯಾವ ದರ್ಜಿಯಾದರೂ ಎರಡನೆಯ ದಿನ ಮೊದಲಿನಿಂದ ಅಳೆಯುತ್ತಿದ್ದ. ಅಮ್ಮ ಅಳೆಯಲಿಲ್ಲ, ಬೆಳಗಿನ ಟೇಪನ್ನೂ ಅವಸರದಲ್ಲಿ ಬಿಟ್ಟಿದ್ದಳು. “ನನ್ನ ಮಗಳ ಮೈ ನನಗೆ ಗೊತ್ತಿಲ್ವಾ? ಅದು ಅಲುಗಾಡಲ್ಲ” ಎಂದು ಪಿನ್ನು ಹಾಕಿದಳು, ಕಾಗದಕ್ಕೆ ಇಳಿಸಿದಳು, ಥಾನುಗಟ್ಟಲೆ ಬಟ್ಟೆ ಕತ್ತರಿಸಿದಳು.

ಗೌನುಗಳೆಲ್ಲ ವಾಪಸು ಬಂದವು. ಎದೆ ಬಿಗಿ, ಸೊಂಟ ಜೋಲು. ಜೊತೆಗೆ ಮಾಲೀಕನೇ ಬಂದು ಒಂದನ್ನು ಮೇಜಿನ ಮೇಲೆ ಎಸೆದ. “ಏನಮ್ಮಾ ಇದು? ಮೇಲಿನ ಅರ್ಧ ಒಬ್ಬಳದು, ಕೆಳಗಿನ ಅರ್ಧ ಇನ್ನೊಬ್ಬಳದು. ಇಬ್ಬರನ್ನೂ ಒಟ್ಟಿಗೆ ಕರ್ಕೊಂಡು ಬಾ, ಹಾಕಿಸಿ ನೋಡೋಣ.”

ಅವನು ಹೋದದ್ದೇ ಅಣ್ಣ ಬಾಗಿಲು ಹಾಕಿದ. “ಕದ್ದು ತಿಂದಿದ್ದೀಯ. ಬೊಗಳು.”

ಉತ್ತರ ಕೊಟ್ಟವಳು ಅತ್ತಿಗೆ. ಮೆಷಿನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿ, ಎದ್ದು ಬಂದಳು.

“ತಿನ್ನೋದಷ್ಟೇ ಅಲ್ಲರೀ. ತಿಂದು ಕಕ್ತಾಳೆ. ನಲ್ಲಿ ಬಿಟ್ಕೊಂಡ್ರೆ ಯಾರಿಗೂ ಕೇಳ್ಸಲ್ಲ ಅಂದ್ಕೊಂಡಿದ್ದಾಳೆ. ಮೊನ್ನೆ ಗುಂಡಿ ತರೋಕೆ ಹೋದೋಳು ಪರ್ಸು ಮರೆತು ವಾಪಸು ಬಂದಿದ್ದೆ, ಕಿವಿಯಾರೆ ಕೇಳಿದ್ದೀನಿ.” ಆಮೇಲೆ ನಾದಿನಿಯ ಕಡೆ ತಿರುಗಿದಳು. “ಇಷ್ಟು ವರ್ಷ ನಿನ್ನಿಂದ ನಾನು ಕಳ್ಳಿ ಅನ್ನಿಸ್ಕೊಂಡೆ. ನಮ್ಮಪ್ಪ ಕಳ್ಳ ಅನ್ನಿಸ್ಕೊಂಡ್ರು. ನೀನು ಆ ಸ್ಟೂಲಿನ ಮೇಲೆ ನಿಂತು ನೋಡ್ತಾ ಇದ್ದೆ.”

“ಅತ್ತಿಗೆ, ನಾನು…”

“ಸಾಕು. ಆ ಬಾಯಿಂದ ನನ್ನನ್ನ ಅತ್ತಿಗೆ ಅನ್ಬೇಡ.”

ಈಗ ಅಮ್ಮ ಅಳುತ್ತಾಳೆ, ಹೊಡೆಯುತ್ತಾಳೆ, ಇಲ್ಲವೇ ಅಪ್ಪಿಕೊಳ್ಳುತ್ತಾಳೆ ಎಂದು ಬೊಂಬೆ ಕಣ್ಣು ಮುಚ್ಚಿದಳು. ಅಮ್ಮ ಯಾವುದನ್ನೂ ಮಾಡಲಿಲ್ಲ. ವಾಪಸು ಬಂದ ಗೌನನ್ನು ಮಡಿಸುತ್ತ ಕೇಳಿದಳು: “ಹಾಗೆ ಮಾಡಿದ್ರೆ ದಪ್ಪ ಆಗಲ್ಲ ತಾನೆ?”

ಅತ್ತಿಗೆಯೂ ಬೆಚ್ಚಿ ಅತ್ತೆಯ ಮುಖ ನೋಡಿದಳು.

“ಏನು ನೋಡ್ತೀಯ? ಕೇಳಿದೆ ಅಷ್ಟೆ. ಬಾತುಕೊಳ್ಳದ ಹಾಗೆ ನೋಡ್ಕೋಬೇಕು. ಅಳತೆ ದಿನಗಳಲ್ಲಿ ಬೇಡ. ಮಿಕ್ಕ ದಿನ ಏನಾದ್ರೂ ಮಾಡ್ಕೋ, ಎದುರುಮನೆ ಟೀಚರಮ್ಮನ ಕಿವಿಗೆ ಬೀಳಬಾರದು ಅಷ್ಟೆ.”

ಆ ಮಾತು ಬೊಂಬೆಯ ಎದೆಯಲ್ಲಿ ಪಿನ್ನಿನ ಹಾಗೆ ಮುರಿದುಕೊಂಡು ಉಳಿಯಿತು. ಇಷ್ಟು ದಿನ ಗುಟ್ಟಾದರೂ ಅವಳದಾಗಿತ್ತು. ಈಗ ಅದೂ ಕಾರ್ಖಾನೆಗೆ ಸೇರಿತು.

ಸ್ವಲ್ಪ ದಿನಕ್ಕೆ, ಗಟ್ಟಿ ಬ್ರೆಡ್ಡು ಕಚ್ಚುವಾಗ ಅವಳ ಮುಂದಿನ ಹಲ್ಲು ಚಕ್ಕೆಯೆದ್ದಿತು. ಮಾಲೀಕನ ಮುಂದೆ ನಿಲ್ಲುವವಳ ಹಲ್ಲು ಮುರಿದಿದ್ದರೆ ಹೇಗೆಂದು ಅಮ್ಮನೇ ಹಲ್ಲಿನ ಡಾಕ್ಟರ ಬಳಿಗೆ ಅಟ್ಟಿದಳು. ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಮುಖಕ್ಕೆ ಹೊಡೆದ ಹಾಗೆ. ಚಿಕ್ಕ ಕನ್ನಡಿಯನ್ನು ಬಾಯೊಳಗೆ ಆಡಿಸಿ, ದೀಪ ಆರಿಸಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

“ಹಲ್ಲಿನ ಹೊರಗಡೆ ಚೆನ್ನಾಗಿದೆ. ಒಳಗಡೆ ಸವೆದು ಹೋಗಿದೆ. ಹೊಟ್ಟೆಯ ಹುಳಿ ಬಾಯಿಗೆ ಬರ್ತಿದ್ರೆ ಹೀಗಾಗುತ್ತೆ. ವಾಂತಿ ಆಗುತ್ತಾ, ಮಾಡ್ಕೋತೀಯಾ?”

“ನೀವು ಹಲ್ಲಿನ ಡಾಕ್ಟ್ರು. ಹಲ್ಲು ನೋಡಿ.”

“ಹಲ್ಲೇ ನೋಡ್ತಿದ್ದೀನಮ್ಮ. ಅದೇ ಹೇಳ್ತಿದೆ.”

“ನಮ್ಮನೆ ವಿಷಯ ನಿಮಗ್ಯಾಕೆ? ಚಕ್ಕೆ ಅಂಟಿಸೋದಿದ್ರೆ ಅಂಟಿಸಿ, ಇಲ್ಲಾಂದ್ರೆ ಎದ್ದು ಹೋಗ್ತೀನಿ.”

“ಅಂಟಿಸ್ತೀನಿ. ನೀನು ಹೀಗೇ ಇದ್ರೆ ಅದೂ ಉದುರುತ್ತೆ. ಆಮೇಲೆ ಪಕ್ಕದ್ದು.” ಡಾಕ್ಟರು ಕೈಗವಸು ಏರಿಸಿಕೊಂಡರು. “ವಾಂತಿ ಆದ ಕೂಡಲೇ ಬ್ರಶ್ ಹಾಕಿ ಉಜ್ಜಬೇಡ, ಇನ್ನೂ ಸವೆಯುತ್ತೆ. ನೀರಲ್ಲಿ ಮುಕ್ಕಳಿಸು. ಇನ್ನೊಂದು ಮಾತು. ಇದು ನಿನ್ನ ಕೆಟ್ಟ ಬುದ್ಧಿ ಅಲ್ಲ. ಬುಲಿಮಿಯಾ ಅಂತಾರೆ, ಕಾಯಿಲೆ. ದೊಡ್ಡಾಸ್ಪತ್ರೇಲಿ ಇದಕ್ಕೇ ನೋಡೋರಿದ್ದಾರೆ. ನನ್ನ ಮೇಲೆ ಸಿಟ್ಟಿದ್ರೆ ಇರಲಿ, ಅಲ್ಲಿಗೆ ಹೋಗು.”

ಹೋಗಲಿಲ್ಲ. ದಾರಿಯುದ್ದಕ್ಕೂ ಡಾಕ್ಟರನ್ನು ಬೈದುಕೊಂಡೇ ಮನೆ ಸೇರಿದಳು. ಆದರೆ ಹೆಸರು ಎನ್ನುವುದು ವಿಚಿತ್ರ. ಒಮ್ಮೆ ಕಿವಿಗೆ ಬಿದ್ದ ಮೇಲೆ ಅದು ಹೊರಗೆ ಹೋಗುವುದಿಲ್ಲ. ಅವಳ ಆ ಕೊಳಕಿಗೆ ಬೇರೆಯವರಿಗೂ ಗೊತ್ತಿರುವ ಹೆಸರಿದೆಯೆಂದರೆ, ಅದು ಬೇರೆಯವರಿಗೂ ಬಂದಿದೆ ಎಂದಾಯಿತಲ್ಲ.

ಅವಳನ್ನು ಆಸ್ಪತ್ರೆಗೆ ಕೊಂಡೊಯ್ದದ್ದು ಅವಳ ಮೈಯೇ. ಒಂದು ದಿನ ಸ್ಟೂಲಿನ ಮೇಲೆ ನಿಂತಿದ್ದಾಗ ಎದೆ ಬಡಿತ ತಾಳ ತಪ್ಪಿ, ಬಲೆಗೆ ಸಿಕ್ಕ ಹಕ್ಕಿಯ ಹಾಗೆ ಪಟಪಟ ಎಂದಿತು. ಬಿದ್ದಳು. ಪಿನ್ನುಗಳೆಲ್ಲ ಒಟ್ಟಿಗೇ ಚುಚ್ಚಿದವು. “ಬಟ್ಟೆ! ಬಟ್ಟೆಗೆ ರಕ್ತ ಆಗುತ್ತೆ, ಮೊದಲು ಬಿಚ್ಚು!” ಎಂದು ಅಮ್ಮ ಕೂಗಿದ್ದು ಅವಳ ಕಿವಿಗೆ ಬಿದ್ದ ಕೊನೆಯ ಮಾತು.

ಎಚ್ಚರಾದಾಗ ಕೈಗೆ ಸೂಜಿ, ಮೇಲೆ ತೂಗುವ ಬಾಟಲಿ. ಪದೇ ಪದೇ ಕಕ್ಕಿ ರಕ್ತದಲ್ಲಿನ ಲವಣ ಇಳಿದು ಹೋಗಿದೆ, ಇನ್ನಷ್ಟು ಇಳಿದಿದ್ದರೆ ಎದೆಯೇ ನಿಲ್ಲುತ್ತಿತ್ತು ಎಂದು ಡಾಕ್ಟರು ಹೇಳಿದರು. ವಾರ್ಡಿನಿಂದ ಬಿಡುವ ಮುನ್ನ ಅವಳನ್ನು ಎಕ್ಸ್‌ರೇ ಕೋಣೆಯ ಪಕ್ಕದ ಸಣ್ಣ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಆಪ್ತಸಮಾಲೋಚಕಿ, ದಪ್ಪ ಹೆಂಗಸು, ಕಾಲು ಕುಂಟುವ ಕುರ್ಚಿಯ ಮೇಲೆ ಕೂತಿದ್ದಳು. ಬೊಂಬೆಗೆ ಅವಳನ್ನು ನೋಡಿದ್ದೇ ಸಿಟ್ಟು ಬಂತು. ಇವಳೇನು ನನಗೆ ಹೇಳುವುದು, ಎಂದುಕೊಂಡಳು.

ಆ ಹೆಂಗಸು ಬಿಸ್ಕತ್ತಿನ ಡಬ್ಬಿ ತೆರೆದು ಮೇಜಿನ ಮೇಲಿಟ್ಟಳು.

“ಪರೀಕ್ಷೆ ಮಾಡ್ತಿದ್ದೀರಾ ನನ್ನನ್ನ?”

“ಇಲ್ಲಮ್ಮ, ನನ್ನ ಟೀ ಹೊತ್ತು. ಬೇಕಾದ್ರೆ ತಗೋ, ಬೇಡಾದ್ರೆ ಬಿಡು.”

“ತಿಂದ್ರೆ ನಿಲ್ಸೋಕೆ ಆಗಲ್ಲ ನನಗೆ. ಅದು ಗೊತ್ತಿಲ್ಲದೆ ಕೂತಿದ್ದೀರಲ್ಲ, ಏನು ಓದಿದ್ದೀರೋ.”

“ಬೆಳಗ್ಗೆಯಿಂದ ಏನು ತಿಂದಿದ್ದೀಯ?”

“ಏನೂ ಇಲ್ಲ.”

“ಹಸಿದ ಮೈ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತೆ ಕಣಮ್ಮ. ನಿನ್ನ ಮೈ ಮಾಡ್ತಿರೋದೂ ಅದೇ. ಉಪವಾಸ ಬಿದ್ದೆ, ಅದು ಬಾಚಿಕೊಳ್ತು. ಹೆದರಿ ಕಕ್ಕಿದೆ, ಅದು ಮತ್ತೆ ಖಾಲಿ. ಮತ್ತೆ ಉಪವಾಸ. ಈ ಗಾಣ ತಿರುಗೋದು ಉಪವಾಸದಿಂದ. ನಾವು ಅಲ್ಲಿಂದಲೇ ಶುರು ಮಾಡೋದು.”

“ಎಲ್ಲಿಂದ?”

“ಊಟದಿಂದ. ಹಸಿವಾಗಲಿ ಬಿಡಲಿ, ಹೊತ್ತಿಗೆ ಸರಿಯಾಗಿ. ಮೂರು ಊಟ, ನಡುವೆ ಸ್ವಲ್ಪ ತಿಂಡಿ. ಒಂದನ್ನೂ ಬಿಡೋ ಹಾಗಿಲ್ಲ. ತಿಂದ ಮೇಲೆ ಒದ್ದಾಟ ಬರುತ್ತೆ, ಕೂತು ಅದನ್ನ ದಾಟಬೇಕು.”

ಬೊಂಬೆ ಬಿದ್ದು ಬಿದ್ದು ನಕ್ಕಳು. “ನನ್ನನ್ನೂ ನಿಮ್ಮ ಹಾಗೆ ಮಾಡೋ ಯೋಚನೆಯಾ?” ಅಂದ ಮೇಲೆ ನಾಲಗೆ ಕಚ್ಚಿಕೊಂಡಳು.

ಸಮಾಲೋಚಕಿ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ತಿಂದು, ನಿಧಾನವಾಗಿ ಕೇಳಿದಳು: “ಈ ಮಾತು ಯಾರದಮ್ಮ? ನಿನ್ನದೇನಾ, ಮನೆಯಲ್ಲಿ ಕಲಿತದ್ದಾ?”

ಆಗ ಬೊಂಬೆ ಅತ್ತಳು, ಅಳುತ್ತಲೇ ಬೈದಳು. ಮೂಟೆ, ಪರದೆ, ಟೇಪು, ಪಿನ್ನು, ಅತ್ತಿಗೆಗೆ ಕಳ್ಳಿಯ ಪಟ್ಟ, ಅಮ್ಮ ಕೇಳಿದ ಆ ಪ್ರಶ್ನೆ, ಎಲ್ಲ ಕಕ್ಕಿದಳು. ಕೊನೆಗೆ, “ಹಾಗಾದ್ರೆ ಇದಕ್ಕೆಲ್ಲ ನಮ್ಮಮ್ಮನೇ ಕಾರಣ ಅನ್ನಿ” ಎಂದಳು.

“ಒಬ್ಬರ ತಲೆಗೆ ಕಟ್ಟಿಬಿಟ್ರೆ ನನಗೂ ಸುಲಭ. ಆದ್ರೆ ಹಾಗಿರಲ್ಲ. ಕೆಲವರ ಮೈಮನಸ್ಸು ಹುಟ್ಟಿನಿಂದಲೇ ಇದಕ್ಕೆ ಬೇಗ ಸಿಕ್ಕಿ ಬೀಳುತ್ತೆ. ಅದರ ಮೇಲೆ ಮನೆಯವರ ಮೂದಲಿಕೆ, ಬೀದಿಯವರ ಹೊಗಳಿಕೆ, ಉಪವಾಸ, ನಿನ್ನ ಹಟ. ಯಾವ ಯಾವುದು ಎಷ್ಟೆಷ್ಟು ಅಂತ ಯಾರೂ ತೂಗಿ ಹೇಳೋಕಾಗಲ್ಲ. ವಾಸಿ ಆಗೋಕೆ ಅದು ಬೇಕಾಗೂ ಇಲ್ಲ. ಮುಂದಿನ ವಾರ ಬರ್ತೀಯಾ?”

“ಬರಲ್ಲ” ಎಂದು ಬಾಗಿಲು ಬಡಿದು ಹೋದವಳು ಮುಂದಿನ ವಾರ ಬಂದಳು. ಅದರ ಮುಂದಿನ ವಾರವೂ ಬಂದಳು. ಮನೋವೈದ್ಯರು ಒಂದು ಮಾತ್ರೆಯನ್ನೂ ಬರೆದುಕೊಟ್ಟರು. ಒಮ್ಮೊಮ್ಮೆ ಹಳೆಯ ಮಧ್ಯಾಹ್ನ ಮರಳಿ ಬರುತ್ತಿತ್ತು, ಮತ್ತೆ ನಲ್ಲಿ ಸುರಿಯುತ್ತಿತ್ತು. ಅಂಥ ದಿನ ಸಮಾಲೋಚಕಿಯ ಮುಂದೆ ತಲೆ ತಗ್ಗಿಸಿ ಕೂತರೆ ಆ ಹೆಂಗಸು ಕೇಳುತ್ತಿದ್ದದ್ದು ಒಂದೇ: “ಅದಾದ ಮೇಲಿನ ಊಟ ಮಾಡಿದೆಯಾ? ಮಾಡಿದ್ರೆ ಸರಿ.”

ಮೈ ಬದಲಾಗತೊಡಗಿತು. ದವಡೆಯ ಊತ ಇಳಿಯಿತು. ಸೊಂಟ ತನಗೆ ಬೇಕಾದ ಕಡೆಗೆ ಸರಿಯಿತು. ಹೊಸ ಉಡುಪಿಗೆ ಅಳತೆ ತೆಗೆಯುವ ಬೆಳಿಗ್ಗೆ ಅಮ್ಮ ಟೇಪು ಸುತ್ತಿದಳು. ಹಳೆಯ ಗುರುತಿಗೆ ತುದಿ ಮುಟ್ಟಲಿಲ್ಲ. ಮತ್ತೆ ಎಳೆದಳು, ಮಗಳ ಉಸಿರು ಕಟ್ಟುವ ಹಾಗೆ ಎಳೆದಳು.

“ಆಸ್ಪತ್ರೆಯೋರು ಚೆನ್ನಾಗಿ ಮೇಯಿಸ್ತಿದ್ದಾರೆ. ಇವತ್ತಿಂದ ಹಾಲು ಮಾತ್ರ.”

“ಆಗಲ್ಲಮ್ಮ. ಹೊತ್ತಿಗೆ ಸರಿಯಾಗಿ ಊಟ ಮಾಡ್ಬೇಕು ಅಂದಿದ್ದಾರೆ. ಇಲ್ಲಾಂದ್ರೆ ಸಾಯ್ತೀನಿ.”

“ಊಟ ಬಿಟ್ಟು ಸತ್ತೋರು ಯಾರು? ಈ ಮನೇಲಿ ಅನ್ನ ಬೇಕಾದ್ರೆ ಅಳತೆಗೆ ನಿಲ್ಲಬೇಕು.”

“ನಿಲ್ಲಲ್ಲ ಅಂದ್ರೆ?”

“ನಿಲ್ಲದೇ ಇರೋರಿಗೆ ಇಲ್ಲೇನು ಕೆಲಸ?” ಎಂದ ಅಣ್ಣ, ಬಾಗಿಲ ಕಡೆ ಗದ್ದ ಚಾಚಿ.

ಆಸ್ಪತ್ರೆಯಲ್ಲಿ ಹೊಲಿಗೆಯದ್ದೇ ಒಂದು ವಿಭಾಗವಿತ್ತು. ಹಾಸಿಗೆ ಬಟ್ಟೆ, ದಿಂಬಿನ ಚೀಲ, ರೋಗಿಗಳಿಗೆ ಬೆನ್ನ ಹಿಂದೆ ದಾರ ಕಟ್ಟಿಕೊಳ್ಳುವ ಅಂಗಿ. ಅಮ್ಮನ ಮೇಜಿನ ಪಕ್ಕ ಬೆಳೆದವಳಿಗೆ ಕತ್ತರಿ ಹಿಡಿಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅಲ್ಲಿ ಕೆಲಸ ಸಿಕ್ಕಿತು. ಮಲಗಲು ಹತ್ತಿರದ ಮಹಿಳಾ ಹಾಸ್ಟೆಲಿನಲ್ಲಿ ಒಂದು ಮಂಚ. ಉಟ್ಟ ಬಟ್ಟೆಯಲ್ಲೇ ಹೋಗಿ ಸೇರಿದಳು.

ಬಹಳ ದಿನವಾದ ಮೇಲೆ ಅಮ್ಮ ಹೇಳಿಕಳಿಸಿದಳು: ನಿನ್ನ ಸಾಮಾನು ಕೋಣೆಗೆ ಅಡ್ಡವಾಗಿದೆ, ತಗೊಂಡು ಹೋಗು. ಬೊಂಬೆ ರಜೆಯ ದಿನ ನೋಡಿ ಹೋದಳು. ಹೋಗಿ ನೋಡಿದರೆ ಸಾಮಾನು ಕಟ್ಟಿಟ್ಟಿರಲಿಲ್ಲ. ಸ್ಟೂಲು ಕೋಣೆಯ ನಡುವೆ ಬಂದಿತ್ತು, ಮೇಜಿನ ಮೇಲೆ ಹೊಳೆಯುವ ಹೊಸ ಬಟ್ಟೆ. ಮೂಲೆಯಲ್ಲಿ ಅಣ್ಣ ತಂದ ಮರದ ಬೊಂಬೆಯೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಮೇಲೆ ರೂಪಿಸಿದ ಯಾವ ಮಾದರಿಯನ್ನೂ ಮಾಲೀಕ ಒಪ್ಪಿರಲಿಲ್ಲವಂತೆ.

“ಸಂಜೆಗೆ ಅವನು ಬರ್ತಾನೆ” ಎಂದ ಅಣ್ಣ. “ಇದೊಂದು ಸಲ ನಿಂತುಬಿಡು. ನಿನಗೆ ಕೈಮುಗಿದು ಕೇಳ್ಬೇಕಾ?”

“ಬೇಡ. ಕೈಮುಗಿದ್ರೂ ನಿಲ್ಲಲ್ಲ. ನನ್ನ ಬಟ್ಟೆ ಎಲ್ಲಿದೆ?”

ಅಮ್ಮ ಟೇಪು ಹಿಡಿದು ಅವಳ ಸುತ್ತ ಒಂದು ಸುತ್ತು ಬಂದಳು. “ಹೆಚ್ಚೇನೂ ಕೆಟ್ಟಿಲ್ಲ. ಮುಂದಿನ ವಾರದವರೆಗೆ ಬಾಯಿ ಕಟ್ಟಿದ್ರೆ ಹಳೇ ಅಳತೆಗೆ ಬರ್ತಾಳೆ. ಇವತ್ತು ಮೇಲಿನ ಭಾಗ ಮಾತ್ರ ತೋರಿಸೋಣ.”

ಅವಳು ಅಲ್ಲಿದ್ದಾಳೆಂಬುದೇ ಮರೆತಂತೆ, ಥಾನಿನ ಬಗ್ಗೆ ಮಾತಾಡುವ ಹಾಗೆ ಮಾತಾಡಿದರು. ಬೊಂಬೆಯ ಕಾಲು ಸ್ಟೂಲಿನ ಕಡೆ ತಾನಾಗಿಯೇ ತಿರುಗಿದ್ದನ್ನು ಅವಳೇ ಕಂಡಳು. ಹತ್ತಿ ನಿಂತರೆ ಮುಗಿಯಿತು, ಬೈಗುಳ ನಿಲ್ಲುತ್ತದೆ, ಅಮ್ಮ ಹತ್ತಿರ ಬರುತ್ತಾಳೆ. ಅಮ್ಮ ಅವಳನ್ನು ಮುಟ್ಟುತ್ತಿದ್ದದ್ದು ಪಿನ್ನು ಹಾಕುವಾಗ ಮಾತ್ರವಲ್ಲವೇ.

ಗೋಡೆಯ ಗಡಿಯಾರ ನೋಡಿದಳು. ಅವಳ ತಿಂಡಿಯ ಹೊತ್ತಾಗಿತ್ತು.

ಕೈಚೀಲದಿಂದ ಪೊಟ್ಟಣ ತೆಗೆದಳು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಒಳಬಾಗಿಲಿನಾಚೆ, ಎಲ್ಲರಿಗೂ ಕಾಣುವಂತಿದ್ದ ಊಟದ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಮೊಟ್ಟೆಯ ಸಿಪ್ಪೆ ಬಿಡಿಸತೊಡಗಿದಳು. ಆ ಮನೆಯಲ್ಲಿ ಯಾರ ಮುಂದೆಯೂ ಹೊಟ್ಟೆ ತುಂಬ ತಿಂದು ಎಷ್ಟೋ ವರ್ಷವಾಗಿತ್ತು.

“ನಾಚಿಕೆ ಇಲ್ವಾ ನಿನಗೆ?” ಅಣ್ಣ ಪೊಟ್ಟಣಕ್ಕೆ ಕೈ ಹಾಕಿದ.

“ರೀ, ಬಿಡ್ರೀ ಅದನ್ನ!” ಅತ್ತಿಗೆ ಮೆಷಿನ್ನಿನ ಮುಂದಿನಿಂದ ಕೂಗಿದಳು. ಅವಳ ಮುಖದಲ್ಲಿ ಕರುಣೆಯೇನೂ ಇರಲಿಲ್ಲ, ಹಳೆಯ ಸಿಟ್ಟೇ ಇತ್ತು. “ತಿನ್ನಲಿ. ಕದ್ದು ತಿಂದು ನನ್ನ ಹೆಸರು ಕೆಡಿಸಿದೋಳು ಇವತ್ತು ಎಲ್ಲರ ಕಣ್ಣೆದುರು ಕೂತು ತಿನ್ನಲಿ. ನಾನೂ ನೋಡ್ಬೇಕು.”

ಅಣ್ಣ ಕೈ ಹಿಂದಕ್ಕೆಳೆದುಕೊಂಡ. ಬೊಂಬೆ ತಿಂದಳು. ಅತ್ತಿಗೆ ಕಣ್ಣು ಮಿಟುಕಿಸದೆ ನೋಡಿದಳು. ಬ್ರೆಡ್ಡನ್ನು ನೀರು ಕುಡಿದು ಇಳಿಸಿದಳು. ಬಾಳೆಹಣ್ಣು ಮುಗಿಸಿದಳು. ಆಮೇಲೆ ಅತ್ತಿಗೆಯ ಕಡೆ ತಿರುಗಿ, “ಆ ಬ್ರೆಡ್ಡು, ಬಿಸ್ಕತ್ತು, ಸಕ್ಕರೆ, ಎಲ್ಲ ತಿಂದಿದ್ದು ನಾನು. ನಿಮ್ಮಪ್ಪನಿಗೂ ಹೇಳಿ” ಎಂದಳು.

“ಹೇಳ್ತೀನಿ” ಎಂದು ಅತ್ತಿಗೆ ಮೆಷಿನ್ನು ತುಳಿಯತೊಡಗಿದಳು. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ.

ಹೊಟ್ಟೆ ಭಾರವಾಯಿತು. ಎಂದಿನ ಆ ಹೆದರಿಕೆ ಕಾಲಿನಿಂದ ಏರತೊಡಗಿತು. ಅವಳ ಮುಖ ನೋಡಿಯೇ ಅಮ್ಮನಿಗೆ ತಿಳಿಯಿತು. ಮಗಳ ಮೈ ಅಷ್ಟಾದರೂ ಅವಳಿಗೆ ಗೊತ್ತಿತ್ತು. ಬಗ್ಗಿ, ಹಿಂದೆಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಹೇಳಿದಳು: “ಬಚ್ಚಲು ಖಾಲಿ ಇದೆ ಮಗಾ. ಹೋಗಿ ಬಾ. ಯಾರೂ ಏನೂ ಅನ್ನಲ್ಲ. ಆಮೇಲೆ ನಿಂತ್ಕೋ.”

ಕುರ್ಚಿಯ ಅಂಚನ್ನು ಬೊಂಬೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎದ್ದರೆ ಕಾಲು ಎತ್ತ ಹೋಗುತ್ತದೆಂದು ಅವಳಿಗೆ ನಂಬಿಕೆಯಿರಲಿಲ್ಲ. ಅಣ್ಣ ಬೈಯುತ್ತಿದ್ದ, ಅಮ್ಮ ಕಾಯುತ್ತಿದ್ದಳು. ಅವಳು ಕೂತೇ ಇದ್ದಳು. ಹೆದರಿಕೆ ಕುತ್ತಿಗೆಯವರೆಗೆ ಏರಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಬಂದ ದಾರಿಯಲ್ಲೇ ಮೆಲ್ಲಗೆ ಇಳಿಯಿತು. ಬ್ರೆಡ್ಡು, ಮೊಟ್ಟೆ, ಬಾಳೆಹಣ್ಣು ಎಲ್ಲ ಹೊಟ್ಟೆಯಲ್ಲೇ ಇದ್ದವು.

“ಬಟ್ಟೆ ಇಲ್ಲೇ ಇರಲಿ. ಈಗ ಅದು ನನಗೆ ಹಿಡಿಸಲ್ಲ” ಎಂದು ಎದ್ದಳು.

“ಈ ಹೊಸಿಲು ದಾಟಿದ್ರೆ ನಿನಗೆ ತಾಯಿ ಇಲ್ಲ ಅಂದ್ಕೋ” ಎಂದಳು ಅಮ್ಮ. ದನಿಯ ಮೃದುತನವೆಲ್ಲ ಹೋಗಿತ್ತು.

ಬೊಂಬೆ ಸಿಪ್ಪೆಗಳನ್ನು ಪೊಟ್ಟಣದ ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು, ಬಚ್ಚಲಿನ ಬಾಗಿಲನ್ನು ದಾಟಿ, ಮೇಜನ್ನು ದಾಟಿ, ಬೀದಿಗೆ ಇಳಿದಳು. ರಾತ್ರಿಯ ಊಟದ ಹೊತ್ತಿಗೆ ಹಾಸ್ಟೆಲು ಸೇರಬೇಕಿತ್ತು. ಬಸ್ಸು ಸಿಗುವ ತಿರುವಿನ ಕಡೆ ಬೇಗ ಬೇಗ ನಡೆದಳು.